ಸಿಲ್ವರ್ ಘೋಸ್ಟ್ ಎಂಜಿನ್ನಿನ ಪರೀಕ್ಷೆ: ಒಂದು ಅಂಕಿಯನ್ನು ನಂಬುವುದು ಹೇಗೆ?



ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಟಾರ್ಕ್, ಆಂದೋಲನ ಮತ್ತು ಉಷ್ಣಗತಿವಿಜ್ಞಾನವನ್ನು ನಾವು ಮೂರು ಬೇರೆ ಬೇರೆ ಅಧ್ಯಾಯಗಳಾಗಿ ಓದುತ್ತೇವೆ. ಪರೀಕ್ಷೆಯಲ್ಲೂ ಅವು ಬೇರೆ ಬೇರೆ ಪ್ರಶ್ನೆಗಳಾಗಿಯೇ ಬರುತ್ತವೆ. ಆದರೆ ಒಂದು ಕಾರಿನ ಬಾನೆಟ್ ಎತ್ತಿ ನೋಡಿದರೆ ಮೂರೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಕೆಲಸ ಮಾಡುತ್ತಿರುತ್ತವೆ. ಅದನ್ನು ತೋರಿಸಲು ನಾನು ಈ ಸಲ ನೂರು ವರ್ಷಕ್ಕೂ ಹಳೆಯದಾದ ಒಂದು ಎಂಜಿನ್ನನ್ನು ಆರಿಸಿಕೊಂಡಿದ್ದೇನೆ. ಅದು ರೋಲ್ಸ್-ರಾಯ್ಸ್ ಕಂಪನಿಯ 40/50 ಎಂಬ ಕಾರಿನ ಎಂಜಿನ್. ಜನ ಅದನ್ನು ಕರೆಯುವುದು 'ಸಿಲ್ವರ್ ಘೋಸ್ಟ್' ಎಂದು.

ಹೊಸ ಕಾರು ಬಿಟ್ಟು ಹಳೆಯದೇಕೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಮೊದಲನೆಯದು, ಇಂದಿನ ಎಂಜಿನ್ನಿನಲ್ಲಿ ಕಂಪ್ಯೂಟರ್ ಮಾಡುವ ಕೆಲಸವನ್ನು ಅಂದು ಲೋಹವೇ ಮಾಡಬೇಕಿತ್ತು. ಹಾಗಾಗಿ ತತ್ವಗಳು ಬರಿಗಣ್ಣಿಗೇ ಕಾಣುತ್ತವೆ. ಎರಡನೆಯದು, ಆ ಕಾಲದಲ್ಲಿ 'ನಮ್ಮ ಎಂಜಿನ್ ಒಳ್ಳೆಯದು' ಎಂದು ಪ್ರತಿ ಕಂಪನಿಯೂ ಹೇಳಿಕೊಳ್ಳುತ್ತಿತ್ತು. ಅದನ್ನು ಸಾಬೀತು ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಆಗ ಸಿಕ್ಕ ಉತ್ತರಗಳು ಇಂದಿಗೂ ಪ್ರಯೋಗಾಲಯದಲ್ಲಿ ಕೈಗೆ ಕಲಿಸುವಂಥವು.

ಎಂಜಿನ್ನಿನ ಪರಿಚಯ

ಹೆನ್ರಿ ರಾಯ್ಸ್ 1863ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ. ಒಂಬತ್ತನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ. ಪತ್ರಿಕೆ ಮಾರಿದ, ತಂತಿ ಸಂದೇಶ ಹಂಚಿದ. ರೈಲ್ವೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿದನಾದರೂ ಹಣವಿಲ್ಲದೆ ತರಬೇತಿಯನ್ನು ಅರ್ಧಕ್ಕೇ ಬಿಡಬೇಕಾಯಿತು. ಮುಂದೆ ಮ್ಯಾಂಚೆಸ್ಟರ್‌ನಲ್ಲಿ ವಿದ್ಯುತ್ ಉಪಕರಣಗಳ ಸಣ್ಣ ಕಾರ್ಖಾನೆ ನಡೆಸುತ್ತಿದ್ದಾಗ ಫ್ರಾನ್ಸಿನ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ಅದನ್ನು ಬಿಚ್ಚಿ, ಪ್ರತಿ ಭಾಗವನ್ನೂ ಪರಿಶೀಲಿಸಿ, ತನ್ನದೇ ಕಾರು ಮಾಡಿದ. 1904ರಲ್ಲಿ ಆ ಕಾರು ಓಡಿತು. ಅದೇ ವರ್ಷ ಚಾರ್ಲ್ಸ್ ರೋಲ್ಸ್ ಎಂಬ ಶ್ರೀಮಂತ ಕಾರು ವ್ಯಾಪಾರಿಯ ಪರಿಚಯವಾಯಿತು. 1906ರಲ್ಲಿ ರೋಲ್ಸ್-ರಾಯ್ಸ್ ಕಂಪನಿ ಸ್ಥಾಪನೆಯಾಯಿತು. ಆ ವರ್ಷದ ಕೊನೆಯಲ್ಲಿ 40/50 ಮಾದರಿ ಲಂಡನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು.

ಅದರ ಎಂಜಿನ್ನಿನ ಮುಖ್ಯ ಅಳತೆಗಳು ಹೀಗಿವೆ. ಸಿಲಿಂಡರ್‌ಗಳು ಆರು, ಮೂರು ಮೂರರ ಎರಡು ಬ್ಲಾಕ್‌ಗಳಲ್ಲಿ. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 4.5 ಇಂಚು. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಕ್ಕೆ ಚಲಿಸುವ ದೂರ, ಅದೂ 4.5 ಇಂಚು. ಇಂಚನ್ನು ಸೆಂಟಿಮೀಟರಿಗೆ ಬದಲಾಯಿಸಿದರೆ 11.43. ಈಗ ಒಂದು ಸಿಲಿಂಡರಿನ ಗಾತ್ರವನ್ನು ನೀವೇ ಲೆಕ್ಕ ಹಾಕಿ:

0.7854 × 11.43 × 11.43 × 11.43 = ಸುಮಾರು 1,173 ಘನ ಸೆಂಟಿಮೀಟರ್

ಆರು ಸಿಲಿಂಡರ್‌ಗಳಿಗೆ ಸುಮಾರು 7,036 ಸಿಸಿ. ಇಂದು ರಸ್ತೆಯಲ್ಲಿ ಓಡುವ ಒಂದು ಸಣ್ಣ ಕಾರಿನ ಎಂಜಿನ್ 1,200 ಸಿಸಿ ಇರುತ್ತದೆ. ಅಂದರೆ ಅಷ್ಟು ಗಾತ್ರ ಇಲ್ಲಿ ಒಂದೇ ಸಿಲಿಂಡರಿಗೆ! ಇಷ್ಟು ದೊಡ್ಡ ಎಂಜಿನ್ನಿನಿಂದ ಬಂದ ಶಕ್ತಿ ನಿಮಿಷಕ್ಕೆ 1,250 ಸುತ್ತಿನ ವೇಗದಲ್ಲಿ 48 ಅಶ್ವಶಕ್ತಿ. ಇಂದಿನ 1,200 ಸಿಸಿ ಎಂಜಿನ್ ಇದಕ್ಕಿಂತ ಹೆಚ್ಚು ಕೊಡುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಮುಂದೆ ನೋಡೋಣ. ಅದಕ್ಕೂ ಮೊದಲು, 48 ಎಂಬ ಅಂಕಿ ಸಿಕ್ಕಿದ್ದು ಹೇಗೆ?

ಶಕ್ತಿಯನ್ನು ಅಳೆಯುವುದು

ತಿರುಗುವ ಶಾಫ್ಟಿನ ಶಕ್ತಿಯನ್ನು ಅಳೆಯಬೇಕಾದರೆ ಅದನ್ನು ತಡೆಯಬೇಕು. ಫ್ರಾನ್ಸಿನ ಪ್ರೋನಿ ಎಂಬ ಎಂಜಿನಿಯರ್ 1821ರಲ್ಲಿ ಕಂಡುಕೊಂಡ ಸರಳ ಉಪಾಯ ಇದು. ಶಾಫ್ಟಿಗೆ ಒಂದು ಡ್ರಮ್ ಜೋಡಿಸಿ, ಅದನ್ನು ಮರದ ತುಂಡುಗಳಿಂದ ಬಿಗಿಯಾಗಿ ಹಿಡಿದು, ಆ ಹಿಡಿತಕ್ಕೆ ಉದ್ದನೆಯ ತೋಳೊಂದನ್ನು ಜೋಡಿಸುವುದು. ಡ್ರಮ್ ತಿರುಗಿದಾಗ ಘರ್ಷಣೆಯಿಂದ ತೋಳೂ ತಿರುಗಲು ನೋಡುತ್ತದೆ. ತೋಳಿನ ತುದಿಗೆ ತೂಕ ಕಟ್ಟಿ ಅದನ್ನು ಸಮತೋಲನದಲ್ಲಿ ನಿಲ್ಲಿಸಬೇಕು. ತೂಕವನ್ನು ತೋಳಿನ ಉದ್ದದಿಂದ ಗುಣಿಸಿದರೆ ಟಾರ್ಕ್ ಸಿಗುತ್ತದೆ. ಟಾರ್ಕನ್ನು ಕೋನೀಯ ವೇಗದಿಂದ ಗುಣಿಸಿದರೆ ಶಕ್ತಿ ಸಿಗುತ್ತದೆ. ಬ್ರೇಕ್ ಹಿಡಿದು ಅಳೆಯುವುದರಿಂದಲೇ ಇದಕ್ಕೆ 'ಬ್ರೇಕ್ ಅಶ್ವಶಕ್ತಿ' ಎಂಬ ಹೆಸರು. ಮರ ಬೇಗ ಬಿಸಿಯಾಗಿ ಸುಡುತ್ತದೆ. ಹಾಗಾಗಿ ವಿಲಿಯಂ ಫ್ರೌಡ್ 1877ರಲ್ಲಿ ಹಡಗಿನ ಎಂಜಿನ್‌ಗಳಿಗಾಗಿ ನೀರಿನ ಡೈನಮೋಮೀಟರ್ ಮಾಡಿದ. ಅದರಲ್ಲಿ ಮರದ ಬದಲು ನೀರಿನ ಸುಳಿಗಳೇ ಶಾಫ್ಟನ್ನು ತಡೆಯುತ್ತವೆ.

ಸಿಲ್ವರ್ ಘೋಸ್ಟ್‌ಗೆ ಈ ಲೆಕ್ಕವನ್ನು ಹಿಂದಿನಿಂದ ಮಾಡೋಣ. 48 ಅಶ್ವಶಕ್ತಿ ಎಂದರೆ ಸುಮಾರು 35,800 ವ್ಯಾಟ್. ನಿಮಿಷಕ್ಕೆ 1,250 ಸುತ್ತು ಎಂದರೆ ಸೆಕೆಂಡಿಗೆ 130.9 ರೇಡಿಯನ್. ಭಾಗಿಸಿದರೆ ಟಾರ್ಕ್ ಸುಮಾರು 273 ನ್ಯೂಟನ್-ಮೀಟರ್. ಒಂದು ಮೀಟರ್ ಉದ್ದದ ತೋಳಿನ ತುದಿಯಲ್ಲಿ ಸುಮಾರು 28 ಕಿಲೋಗ್ರಾಂ ಕಟ್ಟಿದರೆ ಸಮತೋಲನ. ಅರ್ಧ ಮೂಟೆ ಸಿಮೆಂಟಿಗಿಂತ ಸ್ವಲ್ಪ ಹೆಚ್ಚು! ಅಂಕಿ ಈಗ ಕೈಗೆ ಸಿಗುವಂತಾಯಿತಲ್ಲವೇ?

ಅಳೆಯದೇ ಬರೆದ ಅಶ್ವಶಕ್ತಿ

ಪ್ರತಿ ಕಾರನ್ನೂ ಡೈನಮೋಮೀಟರಿಗೆ ಕಟ್ಟಲು ಆಗುವುದಿಲ್ಲ. ಆದ್ದರಿಂದ ಬ್ರಿಟನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ ಒಂದು ಸೂತ್ರ ಕೊಟ್ಟಿತು:

ಅಶ್ವಶಕ್ತಿ = (ಇಂಚಿನಲ್ಲಿ ಬೋರ್‌ನ ವರ್ಗ × ಸಿಲಿಂಡರ್‌ಗಳ ಸಂಖ್ಯೆ) ÷ 2.5

ಈ 2.5 ಎಲ್ಲಿಂದ ಬಂತು? ಸೂತ್ರವನ್ನು ಬಾಯಿಪಾಠ ಮಾಡುವ ಬದಲು ಅದರ ಹುಟ್ಟನ್ನು ನೋಡಿ. ಮೂರು ಸಂಗತಿಗಳನ್ನು ಊಹಿಸಿಕೊಳ್ಳಲಾಗಿತ್ತು. ಪಿಸ್ಟನ್ನಿನ ವೇಗ ನಿಮಿಷಕ್ಕೆ 1,000 ಅಡಿ. ಅದರ ಮೇಲಿನ ಸರಾಸರಿ ಒತ್ತಡ ಚದರ ಇಂಚಿಗೆ 90 ಪೌಂಡ್. ಎಂಜಿನ್ನಿನ ಯಾಂತ್ರಿಕ ದಕ್ಷತೆ ಶೇ. 75. ನಾಲ್ಕು ಸ್ಟ್ರೋಕ್‌ಗಳಲ್ಲಿ ಒಂದರಲ್ಲಿ ಮಾತ್ರ ಅನಿಲ ಪಿಸ್ಟನ್ನನ್ನು ತಳ್ಳುವುದರಿಂದ ಕೆಲಸಕ್ಕೆ ಬರುವ ದೂರ ನಿಮಿಷಕ್ಕೆ 250 ಅಡಿ. ಪಿಸ್ಟನ್ ಮೇಲಿನ ಬಲ 90 × 0.7854 × ಬೋರ್ ವರ್ಗ. ಬಲವನ್ನು ದೂರದಿಂದ ಗುಣಿಸಿ, ಶೇ. 75 ತೆಗೆದುಕೊಂಡು, ಒಂದು ಅಶ್ವಶಕ್ತಿಗೆ ಸಮವಾದ 33,000 ಅಡಿ-ಪೌಂಡಿನಿಂದ ಭಾಗಿಸಿದರೆ ಬೋರ್ ವರ್ಗದ 0.40 ಪಟ್ಟು ಬರುತ್ತದೆ. 0.40 ಎಂದರೆ 1 ÷ 2.5. ಅಷ್ಟೇ.

ಸಿಲ್ವರ್ ಘೋಸ್ಟ್‌ಗೆ ಹಾಕಿ ನೋಡಿ: 20.25 × 6 ÷ 2.5 = 48.6. ಬ್ರೇಕಿನಲ್ಲಿ ಅಳೆದದ್ದು 48. ಎಷ್ಟು ಹತ್ತಿರ! ಕಾರಣ ಸರಳ. 1,250 ಸುತ್ತಿನಲ್ಲಿ ಆ ಎಂಜಿನ್ನಿನ ಪಿಸ್ಟನ್ ವೇಗ ನಿಮಿಷಕ್ಕೆ ಸುಮಾರು 938 ಅಡಿ. ಅಂದರೆ ಸೂತ್ರ ಊಹಿಸಿಕೊಂಡ ಎಂಜಿನ್ನಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಆದರೆ ಸೂತ್ರವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಸ್ಟ್ರೋಕ್ ಇಲ್ಲ, ಸುತ್ತಿನ ವೇಗವೂ ಇಲ್ಲ. 1910ರಿಂದ ಬ್ರಿಟಿಷ್ ಸರ್ಕಾರ ಇದೇ ಸೂತ್ರದ ಅಂಕಿಯ ಮೇಲೆ ವಾಹನ ತೆರಿಗೆ ಹಾಕಿತು. ಆಮೇಲೆ ಏನಾಯಿತೆಂದು ನೀವೇ ಊಹಿಸಬಹುದು. ಬೋರ್ ಚಿಕ್ಕದು, ಸ್ಟ್ರೋಕ್ ಉದ್ದ, ಸುತ್ತಿನ ವೇಗ ಹೆಚ್ಚು ಇರುವ ಎಂಜಿನ್‌ಗಳು ಬಂದವು. 1919ರಲ್ಲಿ ಬಂದ ಬೆಂಟ್ಲಿ 3 ಲೀಟರ್ ಕಾರಿನ ಬೋರ್ 80 ಮಿಲಿಮೀಟರ್, ಸ್ಟ್ರೋಕ್ 149 ಮಿಲಿಮೀಟರ್. ಸೂತ್ರದ ಪ್ರಕಾರ ಅದು 16 ಅಶ್ವಶಕ್ತಿಯದ್ದೂ ಅಲ್ಲ. ನಿಜದಲ್ಲಿ ಅದು ಕೊಡುತ್ತಿದ್ದದ್ದು ಸುಮಾರು 70. ಸೂತ್ರ ಬರೆದವರು ಮೋಸ ಮಾಡಿರಲಿಲ್ಲ. ಅವರ ಕಾಲದ ಎಂಜಿನ್‌ಗಳಿಗೆ ಅದು ಸರಿಯಾಗಿಯೇ ಇತ್ತು. ಆದರೆ ಅಂಕಿಯೇ ಗುರಿಯಾದಾಗ ಜನ ಅಂಕಿಯನ್ನು ನೋಡಿಕೊಂಡು ಕೆಲಸ ಮಾಡಿದರು. ಅಂಕಿಗೂ ವಸ್ತುವಿಗೂ ಇದ್ದ ಸಂಬಂಧ ಕಡಿದುಹೋಯಿತು. 1940ರ ದಶಕದ ಕೊನೆಯವರೆಗೂ ಬ್ರಿಟಿಷ್ ಎಂಜಿನ್‌ಗಳ ಆಕಾರವನ್ನು ಈ ತೆರಿಗೆಯೇ ಬಹುಮಟ್ಟಿಗೆ ತೀರ್ಮಾನಿಸಿತು.

ಮುರಿಯುತ್ತಿದ್ದ ಶಾಫ್ಟ್

ಪಿಸ್ಟನ್ನಿನ ಹಿಂದೆ-ಮುಂದೆ ಚಲನೆಯನ್ನು ತಿರುಗುವ ಚಲನೆಯಾಗಿ ಬದಲಾಯಿಸುವುದು ಕ್ರ್ಯಾಂಕ್‌ಶಾಫ್ಟ್. ಈ ಬಗೆಯ ಪರಿವರ್ತನೆ ಯುರೋಪಿನ ಎಂಜಿನ್‌ಗಳಿಗಿಂತ ಬಹಳ ಹಳೆಯದು. 1206ರಲ್ಲಿ ತನ್ನ ಯಂತ್ರಗಳ ಬಗ್ಗೆ ಪುಸ್ತಕ ಬರೆದು ಮುಗಿಸಿದ ಅಲ್-ಜಝರಿ ವಿವರಿಸಿರುವ ನೀರೆತ್ತುವ ಪಂಪಿನಲ್ಲಿ ಇದೇ ಕೆಲಸ ತಿರುಗುಮುರುಗಾಗಿ ನಡೆಯುತ್ತದೆ. ಅಲ್ಲಿ ಚಕ್ರ ತಿರುಗಿದಾಗ ಎರಡು ಪಿಸ್ಟನ್‌ಗಳು ಎದುರುಬದುರಾಗಿ ಚಲಿಸುತ್ತವೆ.

ಆರು ಸಿಲಿಂಡರ್ ಒಂದೇ ಸಾಲಿನಲ್ಲಿದ್ದರೆ ಶಾಫ್ಟ್ ಉದ್ದವಾಗುತ್ತದೆ. ಉದ್ದನೆಯ ಶಾಫ್ಟ್, ನೋಡಲು ಗಟ್ಟಿ ಕಂಡರೂ, ನಿಜದಲ್ಲಿ ಒಂದು ಸ್ಪ್ರಿಂಗ್. ಪ್ರತಿ ಸಿಲಿಂಡರ್ ಸಿಡಿದಾಗಲೂ ಶಾಫ್ಟ್ ಕೂದಲೆಳೆಯಷ್ಟು ತಿರುಚಿ ಮತ್ತೆ ಮೊದಲಿನಂತಾಗುತ್ತದೆ. ನಾಲ್ಕು ಸ್ಟ್ರೋಕಿನ ಆರು ಸಿಲಿಂಡರ್ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಮೂರು ಸಿಡಿತ. ನಿಮಿಷಕ್ಕೆ 1,000 ಸುತ್ತಾದರೆ ಸೆಕೆಂಡಿಗೆ 50 ಹೊಡೆತ. ಶಾಫ್ಟಿನ ಸಹಜ ಆವೃತ್ತಿಯೂ ಅಷ್ಟೇ ಆಗಿದ್ದರೆ ಅಥವಾ ಅದರ ಸರಳ ಗುಣಕವಾಗಿದ್ದರೆ? ಅನುರಣನ! ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಸ್ವಲ್ಪ ಸ್ವಲ್ಪವೇ ತಳ್ಳಿದಂತೆ ತಿರುಚು ಬೆಳೆಯುತ್ತಾ ಹೋಗಿ, ಕೊನೆಗೆ ಶಾಫ್ಟ್ ಮುರಿಯುತ್ತದೆ. 1905ರ ಸುಮಾರಿಗೆ ರಾಯ್ಸ್ ಮಾಡಿದ ಮೊದಲ ಆರು ಸಿಲಿಂಡರ್ ಎಂಜಿನ್‌ನ ದೊಡ್ಡ ತೊಂದರೆಯೇ ಇದು. ಆ ಕಾಲದ ಬೇರೆ ಆರು ಸಿಲಿಂಡರ್ ಎಂಜಿನ್‌ಗಳನ್ನೂ ಇದು ಕಾಡಿತ್ತು.

40/50ರಲ್ಲಿ ರಾಯ್ಸ್ ಶಾಫ್ಟನ್ನು ದಪ್ಪ ಮಾಡಿದ. ಏಳು ಬೇರಿಂಗ್‌ಗಳ ಮೇಲೆ ಕೂರಿಸಿದ. ದಪ್ಪ ಮಾಡುವುದರ ಫಲ ಎಷ್ಟು? ತಿರುಚಿಗೆ ಶಾಫ್ಟ್ ಒಡ್ಡುವ ಪ್ರತಿರೋಧ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತದೆ. ವ್ಯಾಸವನ್ನು ಶೇ. 20 ಹೆಚ್ಚಿಸಿದರೆ 1.2ರ ನಾಲ್ಕನೇ ಘಾತ, ಅಂದರೆ 2.07. ಬಿಗಿತ ದುಪ್ಪಟ್ಟಾಯಿತು. ಆವೃತ್ತಿ ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ ಅದು ಸುಮಾರು 1.44 ಪಟ್ಟಾಗುತ್ತದೆ. ಹೀಗೆ ಅಪಾಯದ ವೇಗ ಎಂಜಿನ್ ಸಾಮಾನ್ಯವಾಗಿ ಓಡುವ ವೇಗಕ್ಕಿಂತ ಮೇಲಕ್ಕೆ ಹೋಗುತ್ತದೆ.

ಇನ್ನೊಂದು ಉಪಾಯ ಡ್ಯಾಂಪರ್. ಫ್ರೆಡರಿಕ್ ಲ್ಯಾಂಚೆಸ್ಟರ್ 1910ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ರಾಯ್ಸ್ ಕೂಡ ಸ್ವತಂತ್ರವಾಗಿ ಇದೇ ಬಗೆಯ ಸಾಧನ ಬಳಸಿದ್ದ. ಶಾಫ್ಟಿನ ಮುಂದಿನ ತುದಿಗೆ ಒಂದು ಪುಟ್ಟ ಗಾಲಿ, ಅದನ್ನು ಹಿಡಿದಿರುವುದು ಘರ್ಷಣೆ ಮಾತ್ರ. ಶಾಫ್ಟ್ ಸಮವಾಗಿ ತಿರುಗುವಾಗ ಗಾಲಿಯೂ ಜೊತೆಗೆ ತಿರುಗುತ್ತದೆ. ಶಾಫ್ಟ್ ಕಂಪಿಸಿದರೆ ಗಾಲಿ ತನ್ನ ಜಡತ್ವದಿಂದ ಸಮವಾಗಿಯೇ ತಿರುಗುತ್ತಿರುತ್ತದೆ. ಆಗ ಎರಡರ ನಡುವೆ ಜಾರಾಟವಾಗಿ, ಕಂಪನದ ಶಕ್ತಿ ಶಾಖವಾಗಿ ಹೊರಟುಹೋಗುತ್ತದೆ. ನಿಮ್ಮಲ್ಲಿ ಗ್ಯಾರೇಜ್ ಇರುವ ಮನೆಯವರು ಮನೆಗೆ ಹೋಗಿ ಕೇಳಿ. ಇಂದಿನ ಎಂಜಿನ್ನಿನ ಮುಂದಿರುವ ಕ್ರ್ಯಾಂಕ್ ಪುಲ್ಲಿಯೊಳಗೆ ರಬ್ಬರಿನ ಬಳೆ ಯಾಕಿರುತ್ತದೆ ಎಂದು. ಅದು ಇದೇ ಡ್ಯಾಂಪರಿನ ಮೊಮ್ಮಗು.

15,000 ಮೈಲಿಯ ಪರೀಕ್ಷೆ

ಬೆಂಚಿನ ಮೇಲೆ 48 ಅಶ್ವಶಕ್ತಿ ಕೊಟ್ಟ ಎಂಜಿನ್ ರಸ್ತೆಯಲ್ಲಿ ಎಷ್ಟು ದಿನ ಕೊಡುತ್ತದೆ? ಕೊಳ್ಳುವವರಿಗೆ ಬೇಕಾಗಿದ್ದದ್ದು ಈ ಉತ್ತರ. 1907ರಲ್ಲಿ ಕಂಪನಿಯ ವ್ಯವಸ್ಥಾಪಕ ಕ್ಲಾಡ್ ಜಾನ್ಸನ್ ಒಂದು ಕಾರಿಗೆ ಬೆಳ್ಳಿ ಬಣ್ಣ ಬಳಿಸಿ, ಸಿಲ್ವರ್ ಘೋಸ್ಟ್ ಎಂದು ಹೆಸರಿಟ್ಟು, ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಕಣ್ಗಾವಲಿನಲ್ಲಿ ರಸ್ತೆಗೆ ಇಳಿಸಿದ. ಮೊದಲು 2,000 ಮೈಲಿಯ ಪರೀಕ್ಷೆ. ನಂತರ ಸ್ಕಾಟ್ಲೆಂಡಿನ ಗುಡ್ಡದ ದಾರಿಗಳ ಸ್ಪರ್ಧೆ. ಆಮೇಲೆ ಲಂಡನ್ ಮತ್ತು ಗ್ಲಾಸ್ಗೋ ನಡುವೆ ಹಗಲು ರಾತ್ರಿ ಓಡಾಟ, ಭಾನುವಾರ ಮಾತ್ರ ಬಿಡುವು. ಒಟ್ಟು 15,000 ಮೈಲಿ, ಅಂದರೆ 24,000 ಕಿಲೋಮೀಟರಿಗೂ ಹೆಚ್ಚು. ಕ್ಲಬ್ಬಿನ ವೀಕ್ಷಕರು ಕಾರಿನಲ್ಲಿದ್ದು, ಬಯಸದೆ ಆದ ಪ್ರತಿ ನಿಲುಗಡೆಯನ್ನೂ ಬರೆದುಕೊಳ್ಳುತ್ತಿದ್ದರು.

ಅಂಥ ನಿಲುಗಡೆ ಆದದ್ದು ಒಂದೇ ಸಲ, 629ನೇ ಮೈಲಿಯಲ್ಲಿ. ಅದುರಾಟಕ್ಕೆ ಪೆಟ್ರೋಲ್ ನಲ್ಲಿ ತಾನಾಗಿಯೇ ಮುಚ್ಚಿಕೊಂಡಿತ್ತು. ಅದನ್ನು ತೆರೆಯಲು ಒಂದು ನಿಮಿಷವೂ ಬೇಕಾಗಿರಲಿಲ್ಲ. ಆದರೂ ಅದು ದಾಖಲೆಯಲ್ಲಿ ಉಳಿಯಿತು. ಆಮೇಲಿನ 14,371 ಮೈಲಿ ಅಂಥ ಒಂದು ನಿಲುಗಡೆಯೂ ಇಲ್ಲದೆ ಮುಗಿಯಿತು.

ನನ್ನ ಮಟ್ಟಿಗೆ ಈ ಪರೀಕ್ಷೆಯ ಅತ್ಯಮೂಲ್ಯ ಭಾಗ ಓಟ ಮುಗಿದ ಮೇಲಿನದು. ಕಾರನ್ನು ಕ್ಲಬ್ಬಿನವರ ಕೈಗೆ ಕೊಟ್ಟು, ಎಲ್ಲವನ್ನೂ ಬಿಚ್ಚಿ, ಯಾವ ಭಾಗ ಎಷ್ಟು ಸವೆದಿದೆ ಎಂದು ಅಳೆಯಲು ಹೇಳಲಾಯಿತು. ಸ್ವಲ್ಪ ಸವೆದಿದ್ದರೂ ಸರಿ, ಕಾರನ್ನು ಹೊಸದರಂತೆ ಮಾಡಲು ಏನೆಲ್ಲ ಬದಲಾಯಿಸಬೇಕೋ ಅದರ ಬಿಲ್ಲು ಮಾಡಬೇಕು. ಎಂಜಿನ್ನಿನ ಬೇರಿಂಗ್, ಸಿಲಿಂಡರ್, ಪಿಸ್ಟನ್‌ಗಳಲ್ಲಿ ಅಳತೆಗೆ ಸಿಗುವಂಥ ಸವೆತ ಕಾಣಲಿಲ್ಲ. ಸಣ್ಣಪುಟ್ಟ ಭಾಗಗಳಿಗೆ ತಗಲುವ ಖರ್ಚು 2 ಪೌಂಡ್ 2 ಶಿಲ್ಲಿಂಗ್ 7 ಪೆನ್ಸ್. ಕಾರಿನ ಚಾಸಿಯ ಬೆಲೆಯೇ 985 ಪೌಂಡ್ ಇದ್ದ ಕಾಲ ಅದು. ಒಂದು ಪೌಂಡಿಗೆ 240 ಪೆನ್ಸಿನಂತೆ ಲೆಕ್ಕ ಹಾಕಿದರೆ ನೂರು ರೂಪಾಯಿಯ ವಸ್ತುವಿಗೆ ಇಪ್ಪತ್ತೆರಡು ಪೈಸೆಯ ರಿಪೇರಿ ಎಂದಾಯಿತು.

ಈ ಅಂಕಿಯನ್ನು ಜನ ನಂಬಿದ್ದೇಕೆ? ಮೂರು ಕಾರಣ. ಅಳೆದವರು ಮಾರುವವರಲ್ಲ. ನಿಯಮ ಮೊದಲೇ ಗೊತ್ತಿತ್ತು, ಮಧ್ಯದಲ್ಲಿ ಬದಲಾಗಲಿಲ್ಲ. ಕೊನೆಗೆ ಯಂತ್ರವನ್ನು ಬಿಚ್ಚಿ ತೋರಿಸಲಾಯಿತು. 629ನೇ ಮೈಲಿಯ ನಿಲುಗಡೆ ಮುಚ್ಚಿಡದೆ ಇದ್ದದ್ದರಿಂದಲೇ ಉಳಿದ 14,371 ಮೈಲಿಗೆ ಬೆಲೆ ಬಂತು ಎಂದು ನಾನು ಭಾವಿಸುತ್ತೇನೆ.

ಇದೇ ಕ್ಲಬ್ 1909ರಲ್ಲಿ ಡೈಮ್ಲರ್ ಕಂಪನಿಯ ಹೊಸ ಬಗೆಯ ಎಂಜಿನ್‌ಗಳನ್ನು ಪರೀಕ್ಷಿಸಿದ ಕ್ರಮವನ್ನೂ ಗಮನಿಸಿ. ಮೊದಲು ಬೆಂಚಿನ ಮೇಲೆ ಸತತ 132 ಗಂಟೆ. ನಂತರ ಕಾರಿಗೆ ಜೋಡಿಸಿ ಬ್ರೂಕ್‌ಲ್ಯಾಂಡ್ಸ್ ಓಟದ ಹಾದಿಯಲ್ಲಿ ಸುಮಾರು 2,000 ಮೈಲಿ. ಬಳಿಕ ಮತ್ತೆ ಬೆಂಚಿಗೆ ತಂದು ಶಕ್ತಿಯನ್ನು ಎರಡನೇ ಸಲ ಅಳೆದರು. ಶಕ್ತಿ ಕಡಿಮೆಯಾಗಿರಲಿಲ್ಲ, ತುಸು ಹೆಚ್ಚಿತ್ತು. ಮೊದಲ ಅಳತೆಯನ್ನು ಕೊನೆಯಲ್ಲಿ ಮತ್ತೊಮ್ಮೆ ಮಾಡುವ ಈ ಅಭ್ಯಾಸವನ್ನು ನೀವು ಲ್ಯಾಬಿನಲ್ಲಿ ರೂಢಿಸಿಕೊಂಡರೆ ಉಪಕರಣ ನಡುವೆ ಕೆಟ್ಟಿತ್ತೇ ಎಂಬುದು ತಾನಾಗಿ ತಿಳಿಯುತ್ತದೆ.

ಸುಧಾರಣೆ: ಏನನ್ನು ಬದಲಾಯಿಸಿದರು?

ಈಗ ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಬರೋಣ. ಏಳು ಲೀಟರ್ ಎಂಜಿನ್ ಅಷ್ಟು ಕಡಿಮೆ ಶಕ್ತಿ ಕೊಟ್ಟದ್ದೇಕೆ? ಒಂದು ಕಾರಣ ನಿಧಾನವಾದ ಸುತ್ತು. ಇನ್ನೊಂದು ಕಂಪ್ರೆಷನ್ ಅನುಪಾತ. ಪಿಸ್ಟನ್ ಕೆಳಗಿರುವಾಗಿನ ಗಾತ್ರವನ್ನು ಮೇಲಿರುವಾಗಿನ ಗಾತ್ರದಿಂದ ಭಾಗಿಸಿದರೆ ಸಿಗುವುದೇ ಈ ಅನುಪಾತ. ಮೊದಲ ಸಿಲ್ವರ್ ಘೋಸ್ಟ್‌ನಲ್ಲಿ ಅದು ಕೇವಲ 3.2 ಇತ್ತು. ನೀವು ಓದಿದ ಅಡಿಯಬ್ಯಾಟಿಕ್ ಸಮೀಕರಣದಿಂದ ಆದರ್ಶ ಎಂಜಿನ್ನಿನ ದಕ್ಷತೆ ಹೀಗೆ ಬರುತ್ತದೆ:

ದಕ್ಷತೆ = 1 − 1 ÷ (ಅನುಪಾತದ 0.4ನೇ ಘಾತ)

ಇಲ್ಲಿನ 0.4 ಗಾಳಿಯ ಗಾಮಾ ಮೌಲ್ಯ 1.4ರಿಂದ ಒಂದನ್ನು ಕಳೆದಾಗ ಸಿಕ್ಕಿದ್ದು. ಅನುಪಾತ 3.2 ಆದರೆ ದಕ್ಷತೆ ಶೇ. 37. ಅನುಪಾತ 3.5 ಆದರೆ ಶೇ. 39. ಅನುಪಾತ 10 ಆದರೆ ಶೇ. 60. ನಿಜವಾದ ಎಂಜಿನ್ನಿನಲ್ಲಿ ಇದಕ್ಕಿಂತ ಬಹಳ ಕಡಿಮೆ ಬರುತ್ತದೆ. ಆದರೆ ದಿಕ್ಕು ಇದೇ.

1911ರಲ್ಲಿ ಇದರ ಒಂದು ಪ್ರಯೋಗ ನಡೆಯಿತು. ನೇಪಿಯರ್ ಎಂಬ ಪ್ರತಿಸ್ಪರ್ಧಿ ಕಂಪನಿ ತನ್ನ ಕಾರನ್ನು ಲಂಡನ್ನಿನಿಂದ ಎಡಿನ್‌ಬರೋಗೆ ಟಾಪ್ ಗೇರಿನಲ್ಲೇ ಓಡಿಸಿತ್ತು. ಗೇರು ಬದಲಿಸದೆ ಓಡಿಸುವುದೆಂದರೆ ಕಡಿಮೆ ವೇಗದಲ್ಲೂ ಎಂಜಿನ್ ಎಷ್ಟು ಟಾರ್ಕ್ ಕೊಡುತ್ತದೆ ಎಂಬುದರ ಪರೀಕ್ಷೆ. ಉತ್ತರವಾಗಿ ರೋಲ್ಸ್-ರಾಯ್ಸ್ ತನ್ನ ಕಾರಿನ ಅನುಪಾತವನ್ನು 3.5ಕ್ಕೆ ಏರಿಸಿ, ದೊಡ್ಡ ಕಾರ್ಬುರೇಟರ್ ಹಾಕಿ, ಅರ್ನೆಸ್ಟ್ ಹೈವ್ಸ್ ಕೈಗೆ ಕೊಟ್ಟಿತು. ಟಾಪ್ ಗೇರಿನಲ್ಲೇ ಎಡಿನ್‌ಬರೋಗೆ ಹೋಗಿ ಬಂದಾಗ ಮೈಲೇಜ್ ಗ್ಯಾಲನ್ನಿಗೆ 24.32 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ 8.6 ಕಿಲೋಮೀಟರ್. ನಂತರ ಅದೇ ಕಾರು ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಗಂಟೆಗೆ 78.26 ಮೈಲಿ ವೇಗ ತೋರಿಸಿತು. ಅದೇ ವರ್ಷ ಕಿರಿದಾದ, ಹಗುರವಾದ ಬಾಡಿ ಹೊದಿಸಿದ ಕಾರಿನಲ್ಲಿ ಹೈವ್ಸ್ 101.8 ಮೈಲಿ ವೇಗ ಮುಟ್ಟಿದ.

ಇಲ್ಲಿ ಎಚ್ಚರಿಕೆ ಬೇಕು. 78ರಿಂದ 101ಕ್ಕೆ ಏರಿದ್ದನ್ನು ಎಂಜಿನ್ನಿನ ಸುಧಾರಣೆ ಎಂದು ಬರೆದರೆ ತಪ್ಪಾಗುತ್ತದೆ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗ 1.3 ಪಟ್ಟಾದರೆ ಶಕ್ತಿ 2.2 ಪಟ್ಟಾಗಬೇಕು. ಎಂಜಿನ್ ಅಷ್ಟು ಬದಲಾಗಿರಲಿಲ್ಲ. ಬದಲಾದದ್ದು ಮುಖ್ಯವಾಗಿ ಬಾಡಿಯ ಆಕಾರ. ಎರಡು ಸಂಗತಿಗಳನ್ನು ಒಟ್ಟಿಗೆ ಬದಲಾಯಿಸಿದಾಗ ಫಲ ಯಾವುದರದ್ದು ಎಂದು ಹೇಳಲು ಈ ಬಗೆಯ ಲೆಕ್ಕ ಬೇಕು.

1912ರಲ್ಲಿ ಆಲ್ಪ್ಸ್ ಪರ್ವತದ ಸ್ಪರ್ಧೆಯಲ್ಲಿ ಜೇಮ್ಸ್ ರ‍್ಯಾಡ್ಲಿ ಎಂಬಾತನ ಸಿಲ್ವರ್ ಘೋಸ್ಟ್ ಆಸ್ಟ್ರಿಯಾದ ಕಾಟ್ಷ್‌ಬರ್ಗ್ ಕಣಿವೆಯ ಕಡಿದಾದ ಏರಿನಲ್ಲಿ ನಿಂತುಬಿಟ್ಟಿತು. ಜನರನ್ನು ಇಳಿಸಿದ ಮೇಲೆಯೇ ಅದು ಹತ್ತಿತು. ಎಂಜಿನ್ ದುರ್ಬಲವಾಗಿರಲಿಲ್ಲ. ಇದ್ದದ್ದು ಮೂರೇ ಗೇರು, ಮೊದಲ ಗೇರು ಆ ಏರಿಗೆ ಸಾಲದಾಗಿತ್ತು. ಕಂಪನಿ ನಾಲ್ಕು ಗೇರಿನ ಪೆಟ್ಟಿಗೆ ಹಾಕಿತು, ಎಂಜಿನ್ನಿನ ಅನುಪಾತವನ್ನೂ ಏರಿಸಿತು. 1913ರಲ್ಲಿ ಅದೇ ಸ್ಪರ್ಧೆಗೆ ತನ್ನ ತಂಡವನ್ನೇ ಕಳುಹಿಸಿ ಎಲ್ಲರ ಮೆಚ್ಚುಗೆ ಪಡೆಯಿತು. ಸುಖವಾಗಿ ಓಡಿದ 15,000 ಮೈಲಿ ಹೇಳದೇ ಇದ್ದದ್ದನ್ನು ಒಂದು ಏರು ಹೇಳಿತ್ತು.

ಎಲ್ಲಿಯವರೆಗೆ ಏರಿಸಬಹುದು?

ಅನುಪಾತ ಹೆಚ್ಚಿದಷ್ಟೂ ಒಳ್ಳೆಯದಾದರೆ ಅಂದೇ 10 ಮಾಡಲಿಲ್ಲವೇಕೆ? ಅಡ್ಡ ಬಂದದ್ದು ನಾಕಿಂಗ್. ಸ್ಪಾರ್ಕಿನಿಂದ ಹೊತ್ತಿದ ಜ್ವಾಲೆ ಹರಡುತ್ತಾ ಬರುವಾಗ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೂ ಬಿಸಿಗೂ ಸಿಲುಕಿ ತಾನೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಕಿವಿಗೆ ಟಕಟಕ ಸದ್ದು, ಪಿಸ್ಟನ್ನಿಗೆ ಸುತ್ತಿಗೆಯ ಏಟು. ಇದನ್ನು ತಿಳಿಯಾಗಿ ವಿವರಿಸಿದವರಲ್ಲಿ ಹ್ಯಾರಿ ರಿಕಾರ್ಡೊ ಪ್ರಮುಖ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಆತ ಅನುಪಾತವನ್ನು ಓಡುತ್ತಿರುವಾಗಲೇ ಬದಲಾಯಿಸಬಹುದಾದ ಪರೀಕ್ಷಾ ಎಂಜಿನ್ ಮಾಡಿದ. ಉಳಿದೆಲ್ಲವನ್ನೂ ಹಾಗೆಯೇ ಇಟ್ಟು, ಅನುಪಾತವನ್ನು ಮಾತ್ರ ಏರಿಸುತ್ತಾ ಹೋಗಿ, ಯಾವ ಇಂಧನ ಎಲ್ಲಿ ನಾಕ್ ಆಗುತ್ತದೆ ಎಂದು ಗುರುತಿಸಿದ. ಒಂದೇ ಚರಾಂಶವನ್ನು ಬದಲಾಯಿಸುವ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅಮೆರಿಕದಲ್ಲಿ 1921ರ ಕೊನೆಯಲ್ಲಿ ಥಾಮಸ್ ಮಿಜ್ಲಿ ಸೀಸದ ಒಂದು ಸಂಯುಕ್ತವನ್ನು ಪೆಟ್ರೋಲಿಗೆ ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆ ಎಂದು ಕಂಡುಕೊಂಡ. ಎಂಜಿನ್ನಿನ ಪರೀಕ್ಷೆಯಲ್ಲಿ ಅದು ಪೂರ್ಣ ಅಂಕ ಪಡೆಯಿತು. ಸೀಸ ವಿಷ ಎಂಬುದು ಆಗಲೂ ಗೊತ್ತಿತ್ತು. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ಸತ್ತರು. ಆದರೂ ಜಗತ್ತಿನ ರಸ್ತೆಗಳಿಂದ ಅದು ಪೂರ್ತಿ ಹೋದದ್ದು 2021ರಲ್ಲಿ. ಭಾರತದಲ್ಲಿ 2000ನೇ ಇಸವಿಯಲ್ಲೇ ನಿಂತಿತ್ತು. ಡೈನಮೋಮೀಟರ್ ಎಂಜಿನ್ನಿನ ಶಕ್ತಿಯನ್ನು ಅಳೆಯಿತು, ಮಕ್ಕಳ ರಕ್ತವನ್ನು ಅಳೆಯಲಿಲ್ಲ. ಸುಧಾರಣೆ ಎಂಬ ಮಾತು ಕೇಳಿದಾಗ 'ಯಾವುದನ್ನು ಅಳೆದಿಲ್ಲ?' ಎಂದೂ ಕೇಳಬೇಕು.

ನಮ್ಮ ಪ್ರಾಯೋಗಿಕ ಪುಸ್ತಕ

2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳ ಸಾಫ್ಟ್‌ವೇರ್ ಹೊಗೆ ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ, ಆಗ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡುತ್ತಿತ್ತು ಎಂಬುದು ಬಯಲಾಯಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳು! ಅದನ್ನು ಮಾಡಿದವರು ಅವಿದ್ಯಾವಂತರಲ್ಲ. ಬಹಳ ಚೆನ್ನಾಗಿ ಓದಿದವರು.

ಇದನ್ನು ಹೇಳುವುದಕ್ಕೆ ಕಾರಣವಿದೆ. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ 9.8 ಬರುವಂತೆ ರೀಡಿಂಗ್‌ಗಳನ್ನು ಹಿಂದಿನಿಂದ ಬರೆದುಕೊಂಡು ಬರುವ ಪುಸ್ತಕಗಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಸುಲಭವಾಗಿ ಗೊತ್ತಾಗುತ್ತದೆ, ಏಕೆಂದರೆ ನಿಜವಾದ ರೀಡಿಂಗ್‌ಗಳು ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ. 9.5 ಬಂದರೆ 9.5 ಎಂದೇ ಬರೆಯಿರಿ. ದಾರದ ಉದ್ದ ಅಳೆದದ್ದು ಎಲ್ಲಿಂದ ಎಲ್ಲಿಗೆ, ಎಷ್ಟು ಆಂದೋಲನ ಎಣಿಸಿದಿರಿ ಎಂದು ಕಾರಣ ಹುಡುಕಿ. ಆ ಹುಡುಕಾಟವೇ ಭೌತಶಾಸ್ತ್ರ. ಕುರ್‌ಆನಿನ 83ನೇ ಅಧ್ಯಾಯದ ಹೆಸರೇ 'ಅಲ್-ಮುತಫ್ಫಿಫೀನ್', ಅಳತೆ ತೂಕದಲ್ಲಿ ಮೋಸ ಮಾಡುವವರು ಎಂದು ಅರ್ಥ. ಅದು ಅಂಗಡಿಯ ತಕ್ಕಡಿಗೆ ಮಾತ್ರ ಸಂಬಂಧಿಸಿದ್ದೆಂದು ನಾವು ತಿಳಿಯಬೇಕಾಗಿಲ್ಲ. ನಾಳೆ ನಿಮ್ಮಲ್ಲಿ ಒಬ್ಬರು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ, ಒಬ್ಬರು ಸೇತುವೆಯ ಕಾಂಕ್ರೀಟ್ ತಪಾಸಣೆಯಲ್ಲಿ, ಒಬ್ಬರು ವಾಹನಗಳ ಫಿಟ್‌ನೆಸ್ ಪರೀಕ್ಷೆಯಲ್ಲಿ ಇರುತ್ತೀರಿ. ಅಲ್ಲಿ ನೀವು ಬರೆಯುವ ಅಂಕಿಯನ್ನು ನಂಬಿ ಯಾರೋ ಔಷಧ ತೆಗೆದುಕೊಳ್ಳುತ್ತಾರೆ, ಯಾರೋ ಬಸ್ಸು ಹತ್ತುತ್ತಾರೆ.

ಅಭ್ಯಾಸ

1. ಮುಂದಿನ ವರ್ಷಗಳಲ್ಲಿ ಸಿಲ್ವರ್ ಘೋಸ್ಟ್‌ನ ಸ್ಟ್ರೋಕನ್ನು 4.75 ಇಂಚಿಗೆ ಏರಿಸಲಾಯಿತು, ಬೋರ್ ಬದಲಾಗಲಿಲ್ಲ. ಹೊಸ ಗಾತ್ರ ಎಷ್ಟು ಸಿಸಿ? ಕ್ಲಬ್ಬಿನ ಸೂತ್ರದ ಅಶ್ವಶಕ್ತಿ ಬದಲಾಗುತ್ತದೆಯೇ?

2. ನಾಲ್ಕು ಸಿಲಿಂಡರಿನ ಬೆಂಟ್ಲಿ 3 ಲೀಟರ್ ಎಂಜಿನ್ನಿನ ಅಶ್ವಶಕ್ತಿಯನ್ನು ಸೂತ್ರದಿಂದ ಕಂಡುಹಿಡಿಯಿರಿ. ನಿಜವಾದ ಶಕ್ತಿ ಅದರ ನಾಲ್ಕು ಪಟ್ಟಿಗೂ ಹೆಚ್ಚಾಗಿದ್ದದ್ದು ಹೇಗೆ? ಸೂತ್ರದ ಯಾವ ಊಹೆಗಳು ಇಲ್ಲಿ ಮುರಿದವು?

3. ಶಾಫ್ಟಿನ ವ್ಯಾಸವನ್ನು ಶೇ. 10 ಹೆಚ್ಚಿಸಿದರೆ ಅದರ ತಿರುಚಿನ ಬಿಗಿತ ಮತ್ತು ಸಹಜ ಆವೃತ್ತಿ ಎಷ್ಟು ಪಟ್ಟಾಗುತ್ತವೆ?

4. ಕಂಪ್ರೆಷನ್ ಅನುಪಾತ 9 ಇರುವ ಆದರ್ಶ ಎಂಜಿನ್ನಿನ ದಕ್ಷತೆ ಎಷ್ಟು?

5. ನಿಮ್ಮ ಮನೆಯ ಸ್ಕೂಟರ್ ಅಥವಾ ಬೈಕಿನ ಮೈಲೇಜನ್ನು, ನಿಮ್ಮ ಮಾತನ್ನು ಸುಲಭವಾಗಿ ನಂಬದ ನೆರೆಮನೆಯವರೂ ಒಪ್ಪುವಂತೆ ಅಳೆಯಬೇಕು. ಯಾರು ನೋಡಬೇಕು, ಏನನ್ನು ಸ್ಥಿರವಾಗಿಡಬೇಕು, ಎಷ್ಟು ಸಲ ಅಳೆಯಬೇಕು? ಹತ್ತು ಸಾಲಿನಲ್ಲಿ ಬರೆದು ವಿಭಾಗದಲ್ಲಿ ಕೊಡಿ. ಅಳತೆ ಮಾಡಿಯೂ ತೋರಿಸಿದವರ ಬರಹವನ್ನು ಮುಂದಿನ ಸಂಚಿಕೆಗೆ ಕಳುಹಿಸುತ್ತೇನೆ.

ಉತ್ತರಗಳು: (1) ಸುಮಾರು 7,428 ಸಿಸಿ, ಬದಲಾಗುವುದಿಲ್ಲ. (2) ಸುಮಾರು 15.9. (3) 1.46 ಪಟ್ಟು, 1.21 ಪಟ್ಟು. (4) ಸುಮಾರು ಶೇ. 58. ಐದನೆಯದಕ್ಕೆ ಉತ್ತರ ನಿಮ್ಮ ರಸ್ತೆಯಲ್ಲಿದೆ.